ಟರಾಂಟುಲದ ಪೆಟ್ಟಿಗೆ ತೊಳೆದ ಮೇಲೆ ಶುರುವಾದ ತುರಿಕೆ

ಪ್ರಶ್ನೆ: ಮಾಷ್ಟ್ರೇ, ನಮ್ಮದು ಪೆರ್ಲದ ಹತ್ತಿರ, ಅಡಿಕೆ ತೋಟದ ಮನೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗ ಈಗ ಮನೆಯಿಂದಲೇ ಕೆಲಸ ಮಾಡುತ್ತಿದ್ದಾನೆ. ಬರುವಾಗ ಗಾಜಿನ ಪೆಟ್ಟಿಗೆಯಲ್ಲಿ ಒಂದು ದೊಡ್ಡ ಟರಾಂಟುಲ ಜೇಡ ತಂದಿದ್ದಾನೆ. ಅಂಗೈಗಿಂತ ದೊಡ್ಡದು. ಜಾತಿಯ ಹೆಸರು 'ಸಾಮನ್ ಪಿಂಕ್' ಅಂತೆ. ಕಳೆದ ವಾರ ಅವನು ಬೆಂಗಳೂರಿಗೆ ಹೋಗಿದ್ದಾಗ ಪೆಟ್ಟಿಗೆ ವಾಸನೆ ಬರುತ್ತಿತ್ತು. ನಾನೇ ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಪುಡಿ ತೆಗೆದು, ಗಾಜು ಒರೆಸಿ, ಹೊಸ ಪುಡಿ ಹಾಕಿದೆ. ಜೇಡವನ್ನು ಮುಟ್ಟಲೇ ಇಲ್ಲ. ಆದರೂ ಅದೇ ರಾತ್ರಿಯಿಂದ ಮುಂಗೈ, ಕುತ್ತಿಗೆ ವಿಪರೀತ ತುರಿಕೆ. ಸಣ್ಣ ಕೆಂಪು ಗುಳ್ಳೆಗಳೆದ್ದಿವೆ. ಐದು ದಿನವಾಯಿತು. ಬಲಗಣ್ಣು ಎರಡು ದಿನದಿಂದ ಕರಕರ ಅನ್ನುತ್ತಿದೆ, ಬೆಳಕು ನೋಡಲು ಆಗುವುದಿಲ್ಲ. ಅತ್ತೆ 'ಜೇಡ ಉಚ್ಚೆ ಹೊಯ್ದದ್ದು' ಎನ್ನುತ್ತಾರೆ. ತೆಂಗಿನೆಣ್ಣೆ, ಅರಸಿನ ಹಚ್ಚಿದ್ದೇನೆ. ಇದು ವಿಷವಾ? ಇಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದಾ? ನಮ್ಮ ಬಚ್ಚಲಿನ ಬಾಗಿಲ ಹಿಂದೆ ಕೂರುವ ದೊಡ್ಡ ಜೇಡವೂ ಹೀಗೆ ಮಾಡುತ್ತದಾ?

ಉತ್ತರ: ಮೊದಲು ಕಣ್ಣು. ಉಳಿದದ್ದೆಲ್ಲ ಆಮೇಲೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಫೋನ್ ಮಾಡಿ ಹೇಳಿದ್ದನ್ನೇ ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ, ಬೇರೆಯವರಿಗೂ ಬೇಕಾದೀತು. ಟರಾಂಟುಲದ ಪೆಟ್ಟಿಗೆಗೆ ಕೈ ಹಾಕಿದ ಮೇಲೆ ಕಣ್ಣು ಕೆಂಪಾದರೆ, ಕರಕರ ಅಂದರೆ, ಬೆಳಕು ಚುಚ್ಚಿದರೆ ಅದೇ ದಿನ ಕಣ್ಣಿನ ಡಾಕ್ಟರರ ಹತ್ತಿರ ಹೋಗಬೇಕು. ನಂದಿಬಟ್ಟಲು ಹೂವಿನ ನೀರು, ಜೇನು, ಎದೆಹಾಲು ಯಾವುದೂ ಬೇಡ. ಮೆಡಿಕಲ್ ಶಾಪಿನಿಂದ ಸುಮ್ನೆ ಒಂದು ಡ್ರಾಪ್ಸ್ ತಂದು ಬಿಡುವುದೂ ಬೇಡ. ಕಣ್ಣಿಗೆ ಏನೋ ಹಾರಿತು ಎಂದು ಆ ಹೊತ್ತಿಗೇ ಗೊತ್ತಾದರೆ ಶುದ್ಧ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಣ್ಣು ಬಿಟ್ಟು ತೊಳೆಯಿರಿ, ಆಮೇಲೆ ಹೊರಡಿ. ಉಜ್ಜಬೇಡಿ. ಎಷ್ಟೇ ಕರಕರ ಅಂದರೂ ಉಜ್ಜಬೇಡಿ.

ಡಾಕ್ಟರರಿಗೆ 'ಕಸ ಬಿದ್ದಿದೆ' ಎಂದಷ್ಟೇ ಹೇಳಿದರೆ ಸಾಲದು. ಈ ಜೇಡ ಹಾರಿಸುವ ಸೂಕ್ಷ್ಮ ಕೂದಲೇ ಕಣ್ಣಿಗೆ ಹೋಗುವುದು, ಅದಕ್ಕೇ ಟರಾಂಟುಲದ ಕೂದಲು ಎಂದು ಬಿಡಿಸಿ ಹೇಳಬೇಕು. ಕಾಸರಗೋಡಿನ ಕಡೆ ತೋರಿಸುವುದಾದರೆ ಮಲಯಾಳಂನಲ್ಲಿ 'ಕಣ್ಣಿಲ್ ಎಟ್ಟುಕಾಲಿಯುಡೆ ರೋಮಂ ವೀಣು', ಅಂದರೆ ಕಣ್ಣಿಗೆ ಜೇಡದ ಕೂದಲು ಬಿತ್ತು, ಅಂದರೂ ಆಯಿತು. ಆದರೆ ಎಟ್ಟುಕಾಲಿ ಅಂದರೆ ಯಾರಿಗೂ ಗೋಡೆ ಮೇಲಿನ ಸಾಮಾನ್ಯ ಜೇಡವೇ ನೆನಪಾಗುವುದು. ಮಗನ ಮೊಬೈಲಿನಲ್ಲಿರುವ ಫೋಟೋ ತೋರಿಸಿಬಿಡಿ. ಇಷ್ಟು ಒತ್ತಿ ಹೇಳಲು ಕಾರಣ ಇದೆ. ಈ ಕೂದಲು ಬರಿಗಣ್ಣಿಗೆ ಕಾಣುವುದಿಲ್ಲ. ಟಾರ್ಚ್ ಬಿಟ್ಟು ನೋಡಿದರೂ ಕಾಣುವುದಿಲ್ಲ. ಗದ್ದ ಊರಿಸಿ ಕೂರಿಸಿ ನೋಡುತ್ತಾರಲ್ಲ, ಆ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ಹುಡುಕಿ ನೋಡಿದರೆ ಮಾತ್ರ ಸಿಗುತ್ತದೆ. ಏನನ್ನು ಹುಡುಕಬೇಕೆಂದು ಗೊತ್ತಿಲ್ಲದಿದ್ದರೆ ಅದು ಮಾಮೂಲಿ ಕೆಂಗಣ್ಣು ಆಗಿಬಿಡುತ್ತದೆ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ 2009ರಲ್ಲಿ ಹೀಗೇ ಆಗಿತ್ತು. 29 ವರ್ಷದ ಯುವಕ. ಮೂರು ವಾರದಿಂದ ಕಣ್ಣು ಕೆಂಪು, ನೀರು ಸುರಿಯುವುದು, ಬೆಳಕು ಆಗದು. ಆಂಟಿಬಯೋಟಿಕ್ ಕೊಟ್ಟರು, ಇಳಿಯಲಿಲ್ಲ. ಕೊನೆಗೆ ಕಣ್ಣನ್ನು ಚೆನ್ನಾಗಿ ಹಿಗ್ಗಿಸಿ ನೋಡುವ ಮಸೂರದಲ್ಲಿ ನೋಡಿದಾಗ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ, ಅಂದರೆ ಕಾರ್ನಿಯಾದಲ್ಲಿ, ಸೂಕ್ಷ್ಮ ಕೂದಲುಗಳು ನೆಟ್ಟುಕೊಂಡಿದ್ದವು. ಆಗ ಅವನಿಗೆ ನೆನಪಾಯಿತು. ಸಾಕಿದ ಟರಾಂಟುಲದ ಪೆಟ್ಟಿಗೆಯ ಗಾಜಿನ ಮೇಲಿನ ಕಲೆ ಉಜ್ಜುತ್ತಿದ್ದಾಗ ಜೇಡ ಮುಖಕ್ಕೆ ಮಂಜಿನ ಹಾಗೆ ಏನನ್ನೋ ಎರಚಿತ್ತು. ಕೂದಲು ಎಷ್ಟು ಸಣ್ಣದೆಂದರೆ ಕಣ್ಣಿನ ಆಪರೇಷನ್‌ಗೆ ಬಳಸುವ ಚಿಮಟಕ್ಕೂ ಸಿಗಲಿಲ್ಲ. ಸ್ಟೀರಾಯ್ಡ್ ಡ್ರಾಪ್ಸ್ ಕೊಟ್ಟು ಉರಿಯೂತ ಇಳಿಸಿದರು. ಸ್ಟೀರಾಯ್ಡ್ ಎಂದು ಓದಿದ ಕೂಡಲೇ ನೀವೇ ತಂದು ಬಿಟ್ಟುಕೊಳ್ಳಬೇಡಿ. ಕಣ್ಣಿನಲ್ಲಿ ಸೋಂಕು ಇದ್ದರೆ ಅದು ಕೆಡುಕು ಮಾಡುತ್ತದೆ, ಕಣ್ಣಿನ ಒತ್ತಡ ಏರಿಸುವುದೂ ಉಂಟು. ಡಾಕ್ಟರರು ನೋಡುತ್ತಾ ಕೊಡಬೇಕಾದ ಔಷಧಿ ಅದು. ತಡಮಾಡಬಾರದು ಅನ್ನುವುದೂ ಇದಕ್ಕೇ. ಕೂದಲಿಗೆ ಹಿಮ್ಮುಖದ ಮುಳ್ಳುಗಳಿವೆ. ಕಣ್ಣು ಮಿಟುಕಿಸಿದಾಗ, ಹೊರಳಿಸಿದಾಗ, ಉಜ್ಜಿದಾಗ ಅದು ಒಳಕ್ಕೇ ಹೋಗುತ್ತದೆ. ಹೊರಕ್ಕೆ ಬರುವ ದಾರಿ ಅದಕ್ಕಿಲ್ಲ.

ಇನ್ನು ಚರ್ಮದ ವಿಷಯ. ಅದರಲ್ಲಿ ಅಷ್ಟು ಗಾಬರಿ ಬೇಡ.

ಅತ್ತೆಯವರ ಮಾತನ್ನು ನಾನು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ. ನಮ್ಮಲ್ಲಿ 'ಜೇಡ ಉಚ್ಚೆ ಹೊಯ್ದದ್ದು' ಎಂದು ತೋರಿಸುವ ಗುಳ್ಳೆ ಹೆಚ್ಚಿನ ಸಲ ಸರ್ಪಸುತ್ತು ಆಗಿರುತ್ತದೆ, ಇಲ್ಲವೇ ಮಳೆಗಾಲದ ಸುಮಾರಿಗೆ ದೀಪಕ್ಕೆ ಬರುವ ಒಂದು ಹುಳದ ಕೆಲಸ. ಕಪ್ಪು, ಕಿತ್ತಳೆ ಪಟ್ಟೆಯ, ಇರುವೆಯ ಹಾಗೆ ಓಡುವ ಉದ್ದನೆಯ ಪುಟ್ಟ ಹುಳ. ಪೀಡೆರಸ್ ಎಂದು ಅದರ ಹೆಸರು. ಅದು ಕಚ್ಚುವುದಿಲ್ಲ. ಕುತ್ತಿಗೆ ಮೇಲೆ ಕೂತದ್ದನ್ನು ನಾವು ಉಜ್ಜಿ ಕೊಂದಾಗ ಅದರ ರಸ ತಾಗಿ, ಗೆರೆ ಎಳೆದ ಹಾಗೆ ಚರ್ಮ ಸುಡುತ್ತದೆ. ಬೆಳಗ್ಗೆ ಎದ್ದು ನೋಡುವಾಗ ಹುಳ ಇಲ್ಲ, ಗೋಡೆಯಲ್ಲಿ ಜೇಡ ಇದೆ. ಬೈಗುಳ ಯಾರಿಗೆ? ಜೇಡದ ವಿಷ ಎಂಬ ನಂಬಿಕೆ ಕೇರಳದಲ್ಲಿ ಎಷ್ಟು ಗಟ್ಟಿ ಎಂದರೆ, ಪತ್ತನಂತಿಟ್ಟ ಜಿಲ್ಲೆಯ ಕೊಡುಮಣ್‌ನಲ್ಲಿ ಅದಕ್ಕೆಂದೇ ಹೆಸರಾದ ಒಂದು ದೇವಸ್ಥಾನ ಇದೆ. ಚಿಲಂದಿ ಅಂಬಲಂ, ಅಂದರೆ ಜೇಡದ ದೇವಸ್ಥಾನ, ಎಂದೇ ಕರೆಯುತ್ತಾರೆ.

ಈ ಸಲ ಮಾತ್ರ ಅತ್ತೆಯವರ ಮಾತು ಅರ್ಧ ಸರಿ. ಮಾಡಿದ್ದು ಜೇಡವೇ, ಹಿಂಬದಿಯಿಂದಲೇ. ಉಚ್ಚೆ ಅಲ್ಲ, ಕೂದಲು.

ನಸುಗುನ್ನಿ ಕಾಯಿ ನೋಡಿದ್ದೀರಲ್ಲ? ಗೊತ್ತಿಲ್ಲದೆ ಅದರ ಬಳ್ಳಿಯ ಕೆಳಗೆ ಹೋದವರು ಮನೆಗೆ ಬರುವವರೆಗೂ ಕೆರೆದುಕೊಳ್ಳುತ್ತಾರೆ. ಕಂಬಳಿಹುಳ ತಾಗಿದರೂ ಅದೇ ಕತೆ. ಟರಾಂಟುಲದ್ದೂ ಅದೇ ಉಪಾಯ, ಒಂದು ಹೆಜ್ಜೆ ಮುಂದೆ. ಕಾಯಿಗೆ, ಕಂಬಳಿಹುಳಕ್ಕೆ ನಾವು ಹೋಗಿ ತಾಗಬೇಕು. ಈ ಜೇಡ ಕೂದಲನ್ನು ನಮ್ಮ ಕಡೆಗೆ ಹಾರಿಸುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ಒತ್ತಾಗಿ ಬೆಳೆದ ಸೂಕ್ಷ್ಮ ಕೂದಲನ್ನು ಹಿಂಗಾಲಿನಿಂದ ಸರಸರ ಕೆರೆದು ಗಾಳಿಗೆ ಬಿಡುತ್ತದೆ. ಸಾಕುವವರು ಇದಕ್ಕೆ 'ಕಿಕ್ ಮಾಡಿತು' ಅನ್ನುತ್ತಾರೆ. ಹೆಚ್ಚು ಸಲ ಕಿಕ್ ಮಾಡಿದ ಜೇಡದ ಹೊಟ್ಟೆಯ ಮೇಲೆ ಬೋಳು ಮಚ್ಚೆ ಕಾಣುತ್ತದೆ. ಮುಂದಿನ ಸಲ ಪೊರೆ ಕಳಚಿದಾಗ ಹೊಸ ಕೂದಲು ಬರುತ್ತದೆ. ನಿಮ್ಮ ಮನೆಯ ಜೇಡದ ಬೆನ್ನು ಈಗ ನೋಡಿ, ಬಹುಶಃ ಬೋಳಾಗಿರುತ್ತದೆ. ಆ ದಿನ ನಿಮ್ಮ ಮೇಲೆ ಎಷ್ಟು ಸಿಟ್ಟಾಗಿತ್ತು ಎಂಬುದಕ್ಕೆ ಅದೇ ಲೆಕ್ಕ.

ಇಂಥ ಕೂದಲಿನಲ್ಲಿ ಏಳು ಬಗೆಗಳನ್ನು ಗುರುತಿಸಿದ್ದಾರೆ. ಕೆಲವು ಗಾಳಿಯಲ್ಲಿ ಹಾರುತ್ತವೆ, ಕೆಲವು ತಾಗಿದರೆ ಮಾತ್ರ ಅಂಟುತ್ತವೆ. ಜನರಿಗೆ ಹೆಚ್ಚು ಕಾಟ ಕೊಡುವುದು ಮೂರನೇ ಬಗೆ. ಉದ್ದ 0.3ರಿಂದ 1.2 ಮಿಲಿಮೀಟರ್. ಚರ್ಮದೊಳಗೆ 2 ಮಿಲಿಮೀಟರಿನವರೆಗೂ ಇಳಿಯಬಲ್ಲದು. ನಿಮ್ಮ ಮಗ ತಂದಿರುವ ಸಾಮನ್ ಪಿಂಕ್‌ಗೆ ಈ ಮೂರನೇ ಬಗೆಯೂ ಇದೆ, ಮೊದಲನೇ ಬಗೆಯೂ ಇದೆ. ಅದರ ಶಾಸ್ತ್ರೀಯ ಹೆಸರು ಲಾಸಿಯೊಡೋರಾ ಪರಾಹೈಬಾನ. ಊರು ಬ್ರೆಜಿಲಿನ ಈಶಾನ್ಯದ ಪರೈಬಾ ರಾಜ್ಯ. ಅಲ್ಲಿನ ಕಂಪಿನಾ ಗ್ರಾಂಡೆ ಎಂಬ ಕಡೆ ಸಿಕ್ಕಿದ್ದನ್ನು ನೋಡಿ 1917ರಲ್ಲಿ ಹೆಸರಿಟ್ಟರು. ಪೂರ್ತಿ ಬೆಳೆದರೆ ಕಾಲು ಚಾಚಿದ ಅಳತೆ 20ರಿಂದ 25 ಸೆಂಟಿಮೀಟರ್, ಊಟದ ತಟ್ಟೆಯಷ್ಟು. ಇದಕ್ಕಿಂತಲೂ ದೊಡ್ಡದು ದಕ್ಷಿಣ ಅಮೆರಿಕದ ಗೋಲಿಯತ್ ಜೇಡ. ತೂಕದಲ್ಲಿ ಪ್ರಪಂಚದಲ್ಲೇ ದೊಡ್ಡದು, 170 ಗ್ರಾಂವರೆಗೆ ತೂಗುತ್ತದೆ. ಅದರ ಕೂದಲಿನ ತುರಿಕೆ ನಿಮ್ಮದಕ್ಕಿಂತ ಜೋರು. ಮಗನಿಗೆ ಮುಂದೆ ಅದರ ಆಸೆ ಹುಟ್ಟಿದರೆ ಈ ಸಾಲನ್ನು ತೋರಿಸಿ.

ಹಾಗಾದರೆ ವಿಷವಾ? ಅಲ್ಲ. ವಿಷ ಇರುವುದು ಅದರ ಕೋರೆಹಲ್ಲಿನಲ್ಲಿ. ಈ ಜಾತಿ ಕಚ್ಚಿದರೆ ಜೇನುಹುಳ ಕುಟುಕಿದಷ್ಟು ನೋವು, ಹಲ್ಲು ದೊಡ್ಡದಾದ್ದರಿಂದ ಗಾಯ ತುಸು ಜಾಸ್ತಿ. ನಿಮ್ಮ ಚರ್ಮದಲ್ಲಿರುವುದು ಮುರಿದ ಮುಳ್ಳುಗಳು, ಅಷ್ಟೇ. ಸಾವಿರಾರು ಸಣ್ಣ ಮುಳ್ಳು. ಮೈ ಅವುಗಳ ವಿರುದ್ಧ ಜಗಳಕ್ಕೆ ನಿಂತಿದೆ, ಅದೇ ಕೆಂಪು, ಅದೇ ಗುಳ್ಳೆ. ಕೆಲವರಿಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ, ಕೆಲವರಿಗೆ ಎರಡು ಮೂರು ವಾರ ಎಳೆಯುತ್ತದೆ. ಒಂದು ಎಚ್ಚರ ಬೇಕು: ಇದು ಅಭ್ಯಾಸವಾಗಿ ಕಡಿಮೆಯಾಗುವ ತುರಿಕೆ ಅಲ್ಲ. ಪದೇ ಪದೇ ತಾಗಿಸಿಕೊಂಡವರಿಗೆ ಅಲರ್ಜಿ ಹೆಚ್ಚುತ್ತಾ ಹೋಗಬಹುದು. 'ನನಗೆ ಏನೂ ಆಗುವುದಿಲ್ಲ' ಎಂದು ಬರಿಗೈ ಹಾಕುವ ಮಗನಿಗೂ ಇದು ಅನ್ವಯಿಸುತ್ತದೆ.

ಈಗ ನಿಮ್ಮ ಮುಖ್ಯ ಸಂಶಯ: ಜೇಡವನ್ನು ಮುಟ್ಟಲೇ ಇಲ್ಲವಲ್ಲ, ಮತ್ತೆ ಹೇಗೆ? ಅಕ್ಕಾ, ಈ ಜೇಡ ಸಾಕುವವರು ಕಲಿಯಬೇಕಾದ ದೊಡ್ಡ ಪಾಠ ಇಲ್ಲೇ ಇರುವುದು. ಕೂದಲು ಜೇಡದ ಮೈಮೇಲೆ ಇರುವುದಕ್ಕಿಂತ ಪೆಟ್ಟಿಗೆಯಲ್ಲಿ ಜಾಸ್ತಿ ಇರುತ್ತದೆ. ತಿಂಗಳುಗಟ್ಟಲೆ ಹಾರಿಸಿದ್ದೆಲ್ಲ ಆ ಪುಡಿಯಲ್ಲೇ ಬಿದ್ದಿರುತ್ತದೆ. ಗಾಜಿಗೆ, ಮುಚ್ಚಳಕ್ಕೆ, ನೀರಿನ ಬಟ್ಟಲಿಗೆ ಅಂಟಿರುತ್ತದೆ. ಪೊರೆ ಕಳಚುವ ಮುಂಚೆ ಜೇಡ ರೇಷ್ಮೆಯ ಹಾಸು ನೇಯುತ್ತದೆ. ಶತ್ರು ಬಾರದಿರಲಿ ಎಂದು ಆ ಹಾಸಿನೊಳಕ್ಕೂ ಬೇಕೆಂದೇ ಕೂದಲು ಸೇರಿಸುತ್ತದೆ. ಕಳಚಿಟ್ಟ ಪೊರೆಯಲ್ಲೂ ಕೂದಲಿರುತ್ತದೆ. ಕೂದಲಿಗೆ ಜೀವ ಬೇಕಾಗಿಲ್ಲ, ಜೇಡ ಸತ್ತ ಮೇಲೂ ಅದು ಚುಚ್ಚುತ್ತದೆ. ನೀವು ಒಣಗಿದ ಪುಡಿಯನ್ನು ಕೈಯಲ್ಲಿ ಬಾಚಿ ತೆಗೆದಿರಿ, ಬಟ್ಟೆಯಲ್ಲಿ ಒರೆಸಿದಿರಿ, ಅದೇ ಕೈಯಲ್ಲಿ ಕುತ್ತಿಗೆಯ ಬೆವರು ಒರೆಸಿಕೊಂಡಿರಿ. ಅಲ್ವಾ?

ಬೆವರು ಒರೆಸಿದ್ದು ಹೇಗೆ ಗೊತ್ತಾಯಿತು ಅಂದರೆ, ನಾನೂ ಅದನ್ನೇ ಮಾಡಿದ್ದೆ. ಪಾಠ ಮಾಡುತ್ತಿದ್ದ ಕಾಲದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಟರಾಂಟುಲದ ಒಂದು ಪೊರೆ ಕೊಟ್ಟಿದ್ದ. ಎಂಟು ಕಾಲು, ಕೋರೆಹಲ್ಲು ಸಮೇತ ಇಡೀ ಜೇಡವೇ, ಒಳಗೆ ಮಾತ್ರ ಖಾಲಿ. ಏಪ್ರಿಲ್ ತಿಂಗಳ ಸೆಕೆ. ಅದನ್ನು ಅಂಗೈಯಲ್ಲಿಟ್ಟು ಮಕ್ಕಳಿಗೆ ತೋರಿಸಿದೆ, ಮಧ್ಯೆ ಬೈರಾಸಿನಲ್ಲಿ ಕತ್ತು ಒರೆಸಿಕೊಂಡೆ. ಒಂಬತ್ತು ದಿನ ಕೆರೆದುಕೊಂಡಿದ್ದೇನೆ. ಬೈರಾಸನ್ನು ಹೆಂಡತಿ ಉಳಿದ ಬಟ್ಟೆಯ ಜೊತೆ ಹಾಕಿ ಒಗೆದಳು. ಆಮೇಲೆ ಮನೆಯಲ್ಲಿ ಯಾರ್‍ಯಾರು ಕೆರೆದುಕೊಂಡರು, ಯಾರು ಯಾರಿಗೆ ಏನೇನು ಅಂದರು ಎಂಬುದು ಇಲ್ಲಿ ಬೇಡ.

ಮೊದಲೇ ಗೊತ್ತಿದ್ದರೆ ಮಾಡಬೇಕಾಗಿದ್ದದ್ದು ಇಷ್ಟು. ಕೂದಲು ತಾಗಿದ ಜಾಗ ಒಣಗಿರುವಾಗಲೇ ಅಗಲದ ಸೆಲ್ಲೋ ಟೇಪ್ ಅಂಟಿಸಿ, ಮೆಲ್ಲ ಒತ್ತಿ, ಎಳೆದು ತೆಗೆಯಬೇಕು. ಪ್ರತಿ ಸಲ ಹೊಸ ತುಂಡು. ಪಾರ್ಸೆಲ್‌ಗೆ ಹಚ್ಚುವ ಕಂದು ಟೇಪೂ ಆದೀತು. ಆರೇಳು ಸಲ ಮಾಡಿದರೆ ಮೇಲಿರುವ ಕೂದಲು ಬಹುಪಾಲು ಬರುತ್ತದೆ. ಆಮೇಲೆ ಹರಿಯುವ ತಣ್ಣೀರಿನಲ್ಲಿ ಸೋಪು ಹಾಕಿ ತೊಳೆಯಬೇಕು. ಕೈಯಿಂದ ತಿಕ್ಕಬಾರದು. ಬಿಸಿನೀರು ಬೇಡ, ತುರಿಕೆ ಹೆಚ್ಚಿಸುತ್ತದೆ. ಬೈರಾಸಿನಲ್ಲಿ ಒರೆಸದೆ ಹಾಗೇ ಆರಲು ಬಿಡಿ. ತೆಂಗಿನೆಣ್ಣೆ ಮೊದಲೇ ಹಚ್ಚಿದರೆ ಟೇಪ್ ಅಂಟುವುದೇ ಇಲ್ಲ. ನೀವು ಎಡವಿದ್ದು ಅಲ್ಲಿ. ಎಣ್ಣೆ, ಅರಸಿನ, ಪಿತ್ತದ ಗುಳ್ಳೆಗೆ ಹಚ್ಚುವ ಪುನರ್ಪುಳಿ ರಸ, ಇವುಗಳಿಂದ ಕೇಡೇನೂ ಇಲ್ಲ. ಆದರೆ ನೆಟ್ಟ ಮುಳ್ಳನ್ನು ಅವು ತೆಗೆಯುವುದಿಲ್ಲ.

ಐದು ದಿನ ಕಳೆದ ಮೇಲೆ ಟೇಪಿನಿಂದ ಹೆಚ್ಚು ಲಾಭ ಇಲ್ಲ. ಈಗ ತಣ್ಣೀರಿನ ಪಟ್ಟಿ ಇಡಿ. ಹೈಡ್ರೋಕಾರ್ಟಿಸೋನ್ ಇರುವ ಮುಲಾಮು, ರಾತ್ರಿ ನಿದ್ದೆ ಬಾರದಷ್ಟು ತುರಿಕೆ ಇದ್ದರೆ ಸೆಟಿರಿಜಿನ್‌ನಂಥ ಮಾತ್ರೆ, ಡಾಕ್ಟರರನ್ನು ಕೇಳಿ ತೆಗೆದುಕೊಳ್ಳಿ. ಹೇಗೂ ಕಣ್ಣಿಗೆಂದು ಹೋಗುತ್ತೀರಿ. ಉಗುರು ಚಿಕ್ಕದಾಗಿ ಕತ್ತರಿಸಿ, ಕೆರೆದು ಕೀವಾದರೆ ಅದು ಬೇರೆಯೇ ರಗಳೆ. ಉಸಿರು ಕಟ್ಟಿದ ಹಾಗಾದರೆ, ಮುಖ ತುಟಿ ಊದಿದರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಆ ದಿನ ಉಟ್ಟಿದ್ದ ಸೀರೆ, ಒರೆಸಿದ ಬಟ್ಟೆ ಎಲ್ಲಿದೆ? ಬೇರೆ ಬಕೆಟಿನಲ್ಲಿ, ಎರಡು ಸಲ ಒಗೆಯಿರಿ. ತೆಗೆದ ಪುಡಿಯನ್ನು ಅಡಿಕೆ ಬುಡಕ್ಕೆ ಹಾಕಿದ್ದೀರಾದರೆ ಆ ಬುಡಕ್ಕೆ ನೀರು ಬಿಟ್ಟು, ಮೇಲೆ ಮಣ್ಣು ಮುಚ್ಚಿಸಿ. ಇಲ್ಲದಿದ್ದರೆ ಮುಂದಿನ ಸಲ ಅಡಿಕೆ ಹೆಕ್ಕುವವರ ಕೈಗೆ ತಾಗುತ್ತದೆ.

ಇನ್ನು, ಈ ಪೆಟ್ಟಿಗೆ ಕ್ಲೀನ್ ಮಾಡುವುದು ಹೇಗೆ? ಮೊದಲ ಮಾತು: ಕಡಿಮೆ ಮಾಡುವುದು. ದನದ ಹಟ್ಟಿಯ ಲೆಕ್ಕ ಇಲ್ಲಿಗೆ ಹಿಡಿಯಬೇಡಿ. ಜೇಡದ ಹಿಕ್ಕೆ ಸ್ವಲ್ಪವೇ. ವಾಸನೆ ಬಂದರೆ ಅದು ಜೇಡದ್ದಲ್ಲ. ಎಲ್ಲೋ ಮೂಲೆಯಲ್ಲಿ ಅರ್ಧ ತಿಂದ ಜಿರಳೆ ಕೊಳೆಯುತ್ತಿರುತ್ತದೆ, ಅದೊಂದನ್ನು ಉದ್ದದ ಚಿಮಟದಲ್ಲಿ ತೆಗೆದರೆ ಮುಗಿಯಿತು. ಪುಡಿ ಪೂರ್ತಿ ಬದಲಿಸುವುದು ವರ್ಷಕ್ಕೊಮ್ಮೆ ಸಾಕು. ಬೂಷ್ಟು ಹಿಡಿದರೆ ಮಾತ್ರ ಮೊದಲೇ ಮಾಡಬೇಕು. ಜಾಸ್ತಿ ಕೆದಕಿದಷ್ಟು ಜೇಡ ಜಾಸ್ತಿ ಕೂದಲು ಹಾರಿಸುತ್ತದೆ. ಶುಚಿ ಮಾಡಲು ಹೋಗಿ ಪೆಟ್ಟಿಗೆಯನ್ನು ಇನ್ನಷ್ಟು ಕೆಡಿಸಿದ ಹಾಗಾಗುತ್ತದೆ.

ಬದಲಿಸುವ ದಿನ ಮಗ ಹೀಗೆ ಮಾಡಲಿ. ಪೂರ್ತಿ ತೋಳಿನ ಅಂಗಿ, ನೈಟ್ರೈಲ್ ಗ್ಲೌಸ್, ಎನ್-95 ಮಾಸ್ಕ್. ಕಣ್ಣಿಗೆ, ತೋಟದ ಹುಲ್ಲು ಕೊಚ್ಚುವ ಮೆಷಿನ್ ಹಿಡಿಯುವಾಗ ಹಾಕುವ ಕನ್ನಡಕ. ನಾಲ್ಕೂ ಕಡೆ ಮುಚ್ಚುವಂಥದ್ದಾದರೆ ಇನ್ನೂ ಒಳ್ಳೆಯದು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿಡಬೇಕು. ಪೆಟ್ಟಿಗೆಯನ್ನು ಅಂಗಳಕ್ಕೆ ತರಬೇಕು. ಅಡಿಕೆಗೆ ಮದ್ದು ಬಿಡುವವರು ಗಾಳಿ ನೋಡಿ ನಿಲ್ಲುತ್ತಾರಲ್ಲ, ಇದಕ್ಕೂ ಹಾಗೇ ನಿಲ್ಲಬೇಕು, ಗಾಳಿ ನಮ್ಮ ಬೆನ್ನಿಗೆ ಬರುವಂತೆ. ಮುಚ್ಚಳ ತೆರೆದು ಮುಖ ಬಗ್ಗಿಸಿ ನೋಡಬಾರದು. ಜೇಡವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಅಡಿಯಿಂದ ರಟ್ಟು ತೂರಿಸಿ ಬೇರೆ ಕಡೆ ಇಡಬೇಕು. ಮಂದಗತಿಯ ಪ್ರಾಣಿ, ಮೃದುವಾದ ಬ್ರಷ್ಷಿನಿಂದ ಹಿಂಗಾಲು ಮುಟ್ಟಿದರೆ ಮೆಲ್ಲ ಮುಂದೆ ಹೋಗುತ್ತದೆ. ಆಮೇಲೆ ಪುಡಿಗೆ ನೀರು ಚಿಮುಕಿಸಿ ಪೂರ್ತಿ ಒದ್ದೆ ಮಾಡಬೇಕು. ಇದು ಮುಖ್ಯ. ಒದ್ದೆ ಪುಡಿಯಿಂದ ಕೂದಲು ಹಾರುವುದಿಲ್ಲ. ಅದನ್ನು ಹಳೆಯ ಸೌಟಿನಲ್ಲಿ ಬಾಚಿ ಚೀಲಕ್ಕೆ ಹಾಕಿ ಕಟ್ಟಿ, ಗುಂಡಿ ತೋಡಿ ಹೂಳಬೇಕು. ಗಾಜನ್ನು ಒದ್ದೆ ಕಾಗದದಲ್ಲಿ ಒರೆಸಿ ಕಾಗದವನ್ನೂ ಹೂಳಬೇಕು. ಹಿಡಿಸೂಡಿ, ಬ್ಲೋವರ್, ಫ್ಯಾನ್ ಯಾವುದೂ ಹತ್ತಿರ ಬರಬಾರದು.

ನಿಮ್ಮ ಪಾಲಿಗೆ ಇದರಲ್ಲಿ ಕೆಲಸವೇ ಇಲ್ಲ. ಮಗ ಎರಡು ವಾರ ಇಲ್ಲದಿದ್ದರೂ ನೀವು ಮುಚ್ಚಳ ತೆರೆಯುವ ಅಗತ್ಯ ಇಲ್ಲ. ಬೆಳೆದ ಟರಾಂಟುಲ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ತಿಂದರೆ ಸಾಕು. ತಿಂಗಳುಗಟ್ಟಲೆ ಉಪವಾಸ ಇದ್ದರೂ ಸಾಯುವುದಿಲ್ಲ. ನೀರಿನ ಬಟ್ಟಲು ತುಂಬಿದ್ದರಾಯಿತು. ದಿನಕ್ಕೆರಡು ಹೊತ್ತು ಅಕ್ಕಚ್ಚು ಇಡಬೇಕಾದ ಜೀವ ಅಲ್ಲ ಅದು. ಹೋಗುವ ಮುಂಚೆ ಬಟ್ಟಲು ತುಂಬಿಸಿ, ಉಳಿದ ಹುಳ ತೆಗೆದು ಹೋಗುವುದು ಮಗನ ಜವಾಬ್ದಾರಿ. ಒಂದು ದಿನ ಅದು ಕಾಲು ಮೇಲೆ ಮಾಡಿ ಬಿದ್ದದ್ದು ಕಂಡರೆ ಸತ್ತಿತೆಂದು ಎತ್ತಿ ಎಸೆಯಬೇಡಿ. ಪೊರೆ ಕಳಚುವುದು ಹಾಗೆಯೇ, ಬೆನ್ನ ಮೇಲೆ ಮಲಗಿ. ಆಗ ಮುಟ್ಟಿದರೆ ನಿಜವಾಗಿ ಸಾಯುತ್ತದೆ. ಕಳಚಿದ ಮೇಲೆ ಕೋರೆಹಲ್ಲು ಬಿಳಿ ಇರುತ್ತದೆ, ಆಮೇಲೆ ಕೆಂಪಾಗಿ, ಕೊನೆಗೆ ಕಪ್ಪಾಗುತ್ತದೆ. ಕಪ್ಪಾಗುವವರೆಗೆ ತಿನ್ನಲು ಕೊಡಬಾರದು.

ನಮ್ಮ ಊರಿನ ಹವೆಗೆ ಇದಕ್ಕೆ ಹೀಟರ್ ಏನೂ ಬೇಡ. ಬ್ರೆಜಿಲಿನ ಜೇಡಕ್ಕೆ ಕಾಸರಗೋಡಿನ ಸೆಕೆ ಹೊಸತಲ್ಲ. ಮಳೆಗಾಲದಲ್ಲಿ ಗಾಳಿ ಆಡುವುದೇ ಮುಖ್ಯ, ಇಲ್ಲದಿದ್ದರೆ ಬೂಷ್ಟು, ನುಸಿ ಬರುತ್ತವೆ. ಒಳಗೆ ಹಾಕಲು ತೆಂಗಿನ ನಾರಿನ ಪುಡಿ ಒಳ್ಳೆಯದು, ಮಲಯಾಳಂನಲ್ಲಿ ಚಕಿರಿಚ್ಚೋರ್ ಅನ್ನುತ್ತಾರಲ್ಲ, ಅದೇ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಇಟ್ಟಿಗೆ ರೂಪದಲ್ಲಿ ಕೊಳ್ಳುವುದನ್ನು ನಾವು ಇಲ್ಲಿ ಗುಡಿಸಿ ಎಸೆಯುತ್ತೇವೆ. ಆದರೆ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಹಾಕಿ ತೆಗೆದ ಪುಡಿಯಲ್ಲಿ ಉಪ್ಪು ಇರುತ್ತದೆ. ನಾಲ್ಕೈದು ಸಲ ಸಿಹಿನೀರಿನಲ್ಲಿ ತೊಳೆದು ಹಿಂಡಿ ಬಳಸಿ. ಪುಡಿ ಅಡಿಯಲ್ಲಿ ದಪ್ಪಗಿರಲಿ, ಮುಚ್ಚಳಕ್ಕೂ ಪುಡಿಗೂ ನಡುವೆ ಹೆಚ್ಚು ಎತ್ತರ ಬೇಡ. ಈ ದೊಡ್ಡ ಜೇಡ ಗಾಜು ಹತ್ತಿ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ. ಒಂದಡಿ ಎತ್ತರವೂ ಅದಕ್ಕೆ ಜಾಸ್ತಿ. ಕೈಮೇಲೆ ಹತ್ತಿಸಿಕೊಂಡು ಫೋಟೋ ತೆಗೆಯುವ ಚಟ ನನಗೆ ಇಷ್ಟವಾಗದಿರಲು ಇದೂ ಒಂದು ಕಾರಣ.

ತೋಟದ ಮನೆಯಲ್ಲಿ ಜೇಡಕ್ಕಿರುವ ಶತ್ರುಗಳು ಬೇರೆ. ಒಂದು ಇರುವೆ. ಪೊರೆ ಕಳಚಿ ಮೆತ್ತಗೆ ಬಿದ್ದ ಜೇಡವನ್ನು ಇರುವೆಗಳು ಒಂದೇ ರಾತ್ರಿಯಲ್ಲಿ ಮುಗಿಸುತ್ತವೆ. ಮೇಜಿನ ನಾಲ್ಕು ಕಾಲಿಗೂ ನೀರು ತುಂಬಿದ ತಟ್ಟೆ ಇಡಿ. ಎರಡು, ಸೊಳ್ಳೆ ಬತ್ತಿ, ಸೊಳ್ಳೆಗೆ ಹಚ್ಚುವ ಲಿಕ್ವಿಡ್, ಜಿರಳೆ ಸ್ಪ್ರೇ. ಕೀಟ ಕೊಲ್ಲುವ ಔಷಧಿ ಜೇಡವನ್ನೂ ಕೊಲ್ಲುತ್ತದೆ. ಮೂರು, ತೋಟದಿಂದ ಹಿಡಿದು ತಂದ ಮಿಡತೆ. ಮದ್ದು ಬಿಟ್ಟ ತೋಟದ ಹುಳ ತಿನ್ನಿಸಬೇಡಿ. ಗೇರು ತೋಟಗಳ ಎಂಡೋಸಲ್ಫಾನ್ ಕತೆ ನೋಡಿದ ಜಿಲ್ಲೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇಟ್ಟುಕೊಳ್ಳಬಹುದಾ ಅಂದರೆ, ನನ್ನ ಮಟ್ಟಿಗೆ ಹೌದು. ಆದರೆ ಮಲಗುವ ಕೋಣೆಯಲ್ಲಿ ಬೇಡ, ಫ್ಯಾನಿನ ಕೆಳಗೆ ಬೇಡ. ಅತ್ತೆಯವರಿಗೆ ಉಬ್ಬಸ ಇದ್ದರೆ ಅವರು ಓಡಾಡುವ ಕಡೆ ಬೇಡವೇ ಬೇಡ, ಈ ಕೂದಲು ಮೂಗು, ಗಂಟಲಿಗೂ ಹೋಗುತ್ತದೆ. ಮುಚ್ಚಳಕ್ಕೆ ಚಿಲಕ ಇರಲಿ, ರಜೆಗೆ ಮೊಮ್ಮಕ್ಕಳು ಬರುತ್ತಾರೆ. ಹೆಣ್ಣಾದರೆ ಹತ್ತು ವರ್ಷ ಮೀರಿ ಬದುಕುತ್ತದೆ ಎಂದು ಮಗನಿಗೆ ಗೊತ್ತಿದೆಯೋ ಕೇಳಿ. ಮದುವೆಯ ಮಾತುಕತೆಯಲ್ಲಿ ಇದನ್ನೂ ಹೇಳಬೇಕಾದೀತು! ಬೇಡವಾದರೆ ಸಾಕಲು ಗೊತ್ತಿರುವ ಇನ್ನೊಬ್ಬರಿಗೆ ಕೊಡಲಿ. ಗುಡ್ಡೆಗೆ ಬಿಡುವುದು ಮಾತ್ರ ಬೇಡ. ಅದು ಇಲ್ಲಿಯದಲ್ಲ.

ಕಾಗದಪತ್ರದ ವಿಷಯವೂ ಒಂದು ಮಾತು. ಹೊರದೇಶದ ಜೇಡಗಳು ಇಲ್ಲಿಗೆ ಬರುವ ದಾರಿ ಯಾವಾಗಲೂ ನೇರ ಅಲ್ಲ. 2021ರಲ್ಲಿ ಚೆನ್ನೈಯಲ್ಲಿ ಪೋಲೆಂಡಿನಿಂದ ಬಂದ ಒಂದು ಪಾರ್ಸೆಲ್ ಬಿಚ್ಚಿದಾಗ ಸಣ್ಣ ಸಣ್ಣ ಪ್ಲಾಸ್ಟಿಕ್ ಸೀಸೆಗಳಲ್ಲಿ 107 ಜೀವಂತ ಜೇಡಗಳು ಸಿಕ್ಕಿದ್ದವು. ಪ್ರಾಣಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಮೆಕ್ಸಿಕೋದ ಕೆಂಪು ಮಂಡಿಯ ಬ್ರಾಕಿಪೆಲ್ಮಾ ಜೇಡಗಳಿವೆ. ಅಂಥ ಪಟ್ಟಿಯ ಪ್ರಾಣಿಗಳನ್ನು ಇಟ್ಟುಕೊಂಡವರು ಪರಿಸರ ಸಚಿವಾಲಯದ ಪರಿವೇಶ್ ಎಂಬ ವೆಬ್‌ಸೈಟಿನಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಪಟ್ಟಿ ಆಗಾಗ ಬದಲಾಗುತ್ತದೆ. ಮಗ ಖರೀದಿಯ ಬಿಲ್ಲು ಇಟ್ಟುಕೊಳ್ಳಲಿ, ತನ್ನ ಜಾತಿ ಈಗ ಪಟ್ಟಿಯಲ್ಲಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಲಿ.

ಇದನ್ನು ಓದಿ 'ದುಡ್ಡು ಯಾಕೆ, ನಮ್ಮ ಗುಡ್ಡೆಯಲ್ಲೇ ಹಿಡಿಯೋಣ' ಎಂದು ಯಾರೂ ಹೊರಡಬೇಡಿ. ಪಶ್ಚಿಮ ಘಟ್ಟದ ದರೆಗಳ ಬಿಲಗಳಲ್ಲಿ, ಮರದ ಪೊಟರೆಗಳಲ್ಲಿ ನಮ್ಮದೇ ಟರಾಂಟುಲಗಳಿವೆ. ಪೊಟರೆಯಲ್ಲಿರುವ ಪಟ್ಟೆಯದ್ದಕ್ಕೆ ಮಲಯಾಳಂನಲ್ಲಿ ಕಡುವಾ ಚಿಲಂದಿ, ಹುಲಿಜೇಡ, ಎನ್ನುತ್ತಾರೆ. ತುರಿಕೆಯ ಕೂದಲು ಇರುವುದು ಅಮೆರಿಕದ ಟರಾಂಟುಲಗಳಿಗೆ ಮಾತ್ರ, ನಮ್ಮವಕ್ಕೆ ಇಲ್ಲ. ಅದಕ್ಕೆ ಬದಲು ವೇಗ ಇದೆ, ಕಚ್ಚುವ ಧೈರ್ಯ ಇದೆ. ಹುಲಿಜೇಡ ಕಚ್ಚಿದರೆ ಸ್ನಾಯು ಹಿಡಿತ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಡುತ್ತದೆ. ಈ ಬಳಗದ್ದೇ ಒಂದು ನೀಲಿ ಜೇಡ ಆಂಧ್ರದ ಗುತ್ತಿಯಲ್ಲಿ ಸಿಕ್ಕಿ 1899ರಲ್ಲಿ ಹೆಸರು ಪಡೆಯಿತು. ಆಮೇಲೆ ನೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ನಂದ್ಯಾಲದ ಕಡೆಯ ಕಾಡಿನಲ್ಲಿ ಮತ್ತೆ ಸಿಕ್ಕಿತು. ಅಷ್ಟರಲ್ಲೇ ಕದ್ದು ಸಾಗಿಸುವವರೂ ಹಿಂದೆ ಬಿದ್ದರು. ಆ ಬಳಗ ಪೂರ್ತಿ 2019ರಿಂದ ಸೈಟಿಸ್ ಪಟ್ಟಿಯಲ್ಲಿದೆ.

ಕೊನೆಗೆ ನಿಮ್ಮ ಬಚ್ಚಲಿನ ಜೇಡ. ಚಪ್ಪಟೆ ಮೈ, ಕಂದು ಬಣ್ಣ, ಏಡಿಯ ಹಾಗೆ ಅಗಲಕ್ಕೆ ಚಾಚಿದ ಕಾಲು, ಬೆಳಕು ಹಾಕಿದ ಕೂಡಲೇ ಬಾಗಿಲ ಸಂದಿಗೆ ಓಟ, ಒಮ್ಮೊಮ್ಮೆ ಹೊಟ್ಟೆಯಡಿ ಬಿಳಿ ನಾಣ್ಯದಂಥ ಮೊಟ್ಟೆಚೀಲ. ಇಷ್ಟೂ ಹೊಂದಿದರೆ ಅದು ಹಂಟ್ಸ್‌ಮನ್ ಜೇಡ, ಟರಾಂಟುಲ ಅಲ್ಲವೇ ಅಲ್ಲ. ಕೂದಲು ಎರಚುವುದಿಲ್ಲ, ಬಲೆಯನ್ನೂ ಕಟ್ಟುವುದಿಲ್ಲ. ರಾತ್ರಿ ಹೊತ್ತು ಜಿರಳೆ ಹಿಡಿದು ತಿನ್ನುತ್ತದೆ. ಹಿಡಿಸೂಡಿ ಎತ್ತಬೇಡಿ, ಅಲ್ಲೇ ಇರಲಿ.